ಮೂಕಿಯ ಮೇಲಿನ ಭಾರ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆ ಬಿಡಿಸಿದವರು ಗಮನಿಸಿರಬಹುದು: ಜಿಲ್ಲಾವಾರು ಪಟ್ಟಿಯಲ್ಲಿ ತುಮಕೂರು ಜಿಲ್ಲೆಗೆ ಎರಡು ಸಾಲುಗಳಿರುತ್ತವೆ. ಒಂದು ತುಮಕೂರಿನದು, ಇನ್ನೊಂದು ಮಧುಗಿರಿಯದು. ಮಧುಗಿರಿ ಜಿಲ್ಲಾ ಕೇಂದ್ರವಲ್ಲ; ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಅದನ್ನು ಒಂದು ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ. ಕಂದಾಯ ಇಲಾಖೆಯ ಉಪವಿಭಾಗವೂ ಇದೇ ನಾಲ್ಕರದು. ವಾಹನಗಳ ನೋಂದಣಿಗೂ ಮಧುಗಿರಿಗೆ ಕೆಎ–64 ಎಂಬ ಸ್ವಂತ ಸಂಖ್ಯೆ ಇದೆ.

ಈ ಸೀಮೆಯ ರಸ್ತೆಯಲ್ಲಿ ನಿಂತ ಹುಡುಗರು ಒಬ್ಬರಿಗೊಬ್ಬರು ಕೇಳಬಹುದಾದ ಒಗಟೊಂದಿದೆ: ಮುಂದೊಂದು ನಂಬರು, ಹಿಂದೊಂದು ನಂಬರು ಹಾಕಿಕೊಂಡು ಓಡುವ ವಾಹನ ಯಾವುದು? ಟ್ರ್ಯಾಕ್ಟರು. ಎಳೆಯುವ ಇಂಜಿನ್ನಿಗೆ ಒಂದು ಸಂಖ್ಯೆ, ಎಳೆಸಿಕೊಳ್ಳುವ ಟ್ರೇಲರಿಗೆ ಇನ್ನೊಂದು. ಕಾನೂನಿನ ಕಣ್ಣಿಗೆ ಅವು ಎರಡು ವಾಹನಗಳು. ರಸ್ತೆಯ ಇಳಿಜಾರಿನಲ್ಲಿ ಮಾತ್ರ ಅವು ಒಂದೇ ಆಗಿ ವರ್ತಿಸಬೇಕು. ಹಾಗೆ ವರ್ತಿಸದಿದ್ದ ದಿನ ಅನಾಹುತ ಕಾದಿದೆ.

ಅಮೆರಿಕದಲ್ಲಿ ದೋಣಿಯನ್ನೋ ಕುದುರೆಯನ್ನೋ ಟ್ರೇಲರಿನಲ್ಲಿಟ್ಟು ಎಳೆಯಲು ಯಾವ ಪಿಕಪ್ ಕೊಳ್ಳಬೇಕೆಂದು ಮನೆಮಂದಿ ಕೂತು ಚರ್ಚಿಸುತ್ತಾರೆ. ಇಲ್ಲಿ ಪಿಕಪ್ ಎಂದರೆ ಟೊಮೆಟೊ, ಹೂವು, ಕುರಿಗಳನ್ನು ಬೆನ್ನ ಮೇಲೆಯೇ ಹೊತ್ತು ಓಡುವ ಗಾಡಿ. ಹಿಂದೆ ಒಂದನ್ನು ಕಟ್ಟಿಕೊಂಡು ಎಳೆಯುವ ಕೆಲಸ ಟ್ರ್ಯಾಕ್ಟರಿನದು. ಅದನ್ನು ಕೊಳ್ಳುವ ವಿಚಾರ ಇಲ್ಲಿನ ಮನೆಗಳಲ್ಲಿ ಮದುವೆಯ ಮಾತುಕತೆಗಿಂತ ಕಡಿಮೆಯದಲ್ಲ. ಬ್ಯಾಂಕಿನ ಸಾಲಕ್ಕೆ ಪಹಣಿ ಇಡಬೇಕು. ಅದೇ ವರ್ಷ ಮಗನೋ ಮಗಳೋ ಪಿಯುಸಿ ಮುಗಿಸಿ ತುಮಕೂರಿನ ಹಾಸ್ಟೆಲು ಸೇರುವುದಿದ್ದರೆ, ಕಂತು ಮೊದಲೋ ಫೀಸು ಮೊದಲೋ ಎಂಬ ಪ್ರಶ್ನೆ ಊಟದ ಹೊತ್ತಿಗೆ ಎದ್ದೇ ಏಳುತ್ತದೆ.

ಹೊಸ ಟ್ರ್ಯಾಕ್ಟರು ಊರಿಗೆ ಬಂದರೆ ಟೀ ಅಂಗಡಿಯ ಮುಂದೆ ಮೊದಲು ಕೇಳುವ ಮಾತು ಒಂದೇ. “ಎಷ್ಟು ಎಚ್‌ಪಿ ಅಣ್ಣಾ?” ಮೂವತ್ತೈದು ಎಂದರೆ ಸುಮ್ಮನಾಗುತ್ತಾರೆ, ಐವತ್ತು ಎಂದರೆ ಹುಬ್ಬೇರಿಸುತ್ತಾರೆ. ಎಚ್‌ಪಿ ಎನ್ನುವುದು ಗಂಡಿನ ಸಂಬಳದ ಹಾಗೆ. ಹೇಳುವುದೊಂದು, ಮನೆಗೆ ಬರುವುದೊಂದು. ಇಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಗೇರು, ಆಕ್ಸಲ್ಲು, ಟೈರುಗಳನ್ನು ದಾಟಿ ಕೊಂಡಿಗೆ ಬರುವಷ್ಟರಲ್ಲಿ ಸಾಕಷ್ಟು ಸೋರಿರುತ್ತದೆ. ಮೆತ್ತನೆಯ ನೆಲದಲ್ಲಂತೂ ಮೂರರಲ್ಲಿ ಎರಡು ಪಾಲು ದಕ್ಕಿದರೆ ಪುಣ್ಯ. ಭಾರ ಎಳೆಯುವವನಿಗೆ ಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಅವು ಈ ನೆಲಕ್ಕೆ ಹೊಸವೂ ಅಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ತಾತಂದಿರು ಕೇಳುತ್ತಿದ್ದವು.

ಇದು ಹಳ್ಳಿಕಾರ್ ತಳಿಯ ಸೀಮೆ. ನೀಳ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಬಿಗಿಯಾದ ಮೈ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ದನಗಳ ಅಂಚೆಚೀಟಿಗಳನ್ನು ತಂದಾಗ ಅವುಗಳಲ್ಲಿ ಹಳ್ಳಿಕಾರ್ ಕೂಡ ಇತ್ತು. ಸಿದ್ಧಗಂಗೆ, ಘಾಟಿ ಸುಬ್ರಹ್ಮಣ್ಯದ ದನಗಳ ಪರಿಷೆಗಳಿಗೆ ಎತ್ತು ಕೊಳ್ಳಲು ಹೋದವರು ಮೈ ದಪ್ಪ ನೋಡಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ನೋಡುತ್ತಾರೆ. ಸುಳಿ ನೋಡುತ್ತಾರೆ, ಗೊರಸು ತಟ್ಟುತ್ತಾರೆ. ನಾಲ್ಕು ಹೆಜ್ಜೆ ನಡೆಸದೆ ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ಇಡುವುದಿಲ್ಲ. ಸುಳಿಯ ನಂಬಿಕೆಯನ್ನು ಪಕ್ಕಕ್ಕಿಟ್ಟರೂ ಗೊರಸಿನ ಪರೀಕ್ಷೆ ಅಪ್ಪಟ ವಿಜ್ಞಾನ. ನೆಲವನ್ನು ಕಚ್ಚಿ ಹಿಡಿಯದ ಕಾಲಿಗೆ ಎದೆಯಲ್ಲಿ ಎಷ್ಟು ಬಲವಿದ್ದರೇನು?

ಭಾರಿ ಹೊರೆ ಎಳೆಸುವುದು ಒಂದು ಕಾಲಕ್ಕೆ ರಾಜ್ಯಭಾರದ ವಿಷಯವೇ ಆಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳ ಮಂದೆಯೇ ಟಿಪ್ಪು ಕಾಲಕ್ಕೆ ‘ಅಮೃತಮಹಲ್’ ಆಯಿತು. ಹೆಸರಿನಲ್ಲಿ ಹಾಲು ಬೆಣ್ಣೆ ಇದ್ದರೂ ಆ ಎತ್ತುಗಳ ಖ್ಯಾತಿ ಇದ್ದುದು ಫಿರಂಗಿಗಳನ್ನೂ ಸೈನ್ಯದ ಸಾಮಾನನ್ನೂ ವೇಗವಾಗಿ ಎಳೆಯುವುದರಲ್ಲಿ. ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರವಾಗಿದ್ದು, 1761ರಲ್ಲಿ ಹೈದರಾಲಿಯ ವಶವಾದ ಊರು. ಇಂದು ಅಲ್ಲಿ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ನೋಡಲು ಹೋಗುವ ಶಾಲಾ ಮಕ್ಕಳಿಗೆ ಮಾಸ್ತರರು ಅರಸರ ಹೆಸರುಗಳನ್ನು ಹೇಳಿಸುತ್ತಾರೆ. ಫಿರಂಗಿಗಳನ್ನು ಎಳೆದ ಎತ್ತುಗಳ ವಿಷಯವನ್ನೂ ಒಂದೆರಡು ಮಾತು ಹೇಳಿದರೆ ತಪ್ಪಿಲ್ಲ.

ಗಾಡಿಗೆ ಮೂಟೆ ಹೇರುವಾಗ ಹಿರಿಯರು ಮೂಕಿಯ ಮೇಲೊಂದು ಕೈ ಇಟ್ಟಿರುತ್ತಿದ್ದರು. ಮೂಕಿ ಎಂದರೆ ಗಾಡಿಯಿಂದ ಮುಂದೆ ಚಾಚಿ ನೊಗಕ್ಕೆ ಸೇರುವ ಮರ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಇದು ಹಿಂಭಾರ. ಮುಂದಕ್ಕೆ ಹೆಚ್ಚಾದರೆ ನೊಗ ಕುಸಿದು ಹೆಗಲು ಬಾಯುತ್ತದೆ. “ಮುಂದಕ್ಕೆ ಇನ್ನೆರಡು ಮೂಟೆ ತಳ್ಳಪ್ಪ, ಮೂಕಿ ಏಳ್ತಾ ಐತೆ” ಎನ್ನುತ್ತಿದ್ದ ಮುದುಕನಿಗೆ ಸನ್ನೆಕೋಲಿನ ಸೂತ್ರ ಗೊತ್ತಿರಲಿಲ್ಲ. ಆದರೆ ಎತ್ತಿನ ಹೆಗಲ ಮೇಲೆ ಕೊಂಚವೇ ಭಾರ ಉಳಿಯುವಂತೆ ಗಾಡಿಯನ್ನು ಅವನು ಕಟ್ಟುತ್ತಿದ್ದ. ಇಂದಿನ ಇಂಜಿನಿಯರುಗಳು ಎರಡು ಚಕ್ರದ ಟ್ರೇಲರಿಗೆ ಹೇಳುವುದೂ ಇದನ್ನೇ: ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೇ ಸ್ವಲ್ಪ ಹೆಚ್ಚು, ಕೊಂಡಿಯ ಮೇಲೆ ಕೂರಬೇಕು.

ಆ ಭಾರ ಮಾಡುವ ಉಪಕಾರ ಕಾಣಬೇಕಾದರೆ ಬೇಸಿಗೆಯಲ್ಲಿ ಯಾವುದಾದರೂ ಕೆರೆಯಂಗಳಕ್ಕೆ ಹೋಗಬೇಕು. ನೀರು ಬತ್ತಿದ ಕೆರೆಗಳಿಂದ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ಈ ಕಡೆಯ ಹಳೆಯ ರೂಢಿ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರೇಲರು ತುಂಬಿದರೆ ಮಣ್ಣೇ ಸುಮಾರು ಐದು ಟನ್ನು. ಟ್ರೇಲರಿನ ಸ್ವಂತ ತೂಕ ಒಂದು ಟನ್ನು, ಟ್ರ್ಯಾಕ್ಟರಿನದು ಎರಡು ಟನ್ನು ಎಂದಿಟ್ಟುಕೊಂಡರೆ ಒಟ್ಟು ಎಂಟು. ಟಾರು ರಸ್ತೆಯಲ್ಲಿ ಇಷ್ಟನ್ನು ಉರುಳಿಸಲು ತೂಕದ ನೂರಕ್ಕೆ ಎರಡರಷ್ಟು ಎಳೆತ, ಅಂದರೆ 160 ಕಿಲೋ ಸಾಕು. ಮೆತ್ತನೆಯ ಕೆರೆಯಂಗಳದಲ್ಲಿ ಅದೇ ಎಳೆತ ನೂರಕ್ಕೆ ಹದಿನೈದಾದರೂ ಆಗುತ್ತದೆ. 1,200 ಕಿಲೋ! ಟ್ರ್ಯಾಕ್ಟರಿನ ಹಿಂದಿನ ಎರಡು ಟೈರುಗಳ ಮೇಲೆ ಕೂತಿರುವ ತೂಕ ಟ್ರೇಲರಿನ ಕೊಂಡಿಯ ಭಾರವೂ ಸೇರಿ ಎರಡು ಟನ್ನು ಎನ್ನೋಣ. ಅಂಥ ನೆಲದಲ್ಲಿ ಟೈರು ಹಿಡಿಯಬಲ್ಲದ್ದು ಆ ತೂಕದ ಅರ್ಧದಷ್ಟು ಮಾತ್ರ, ಸಾವಿರ ಕಿಲೋ. ಬೇಕಾದ್ದು ಸಾವಿರದ ಇನ್ನೂರು. ಇಂಜಿನ್ನು ಐವತ್ತು ಎಚ್‌ಪಿ ಇರಲಿ, ನೂರಿರಲಿ, ಚಕ್ರ ಅಲ್ಲೇ ತಿರುಗಿ ಗುಂಡಿ ತೋಡುತ್ತದೆ. ಕಲಿತ ಚಾಲಕ ಆಗ ಆಕ್ಸಿಲರೇಟರು ತುಳಿಯುವುದಿಲ್ಲ. ಇಳಿದು ಅರ್ಧ ಮಣ್ಣು ಇಳಿಸುತ್ತಾನೆ. ಹಿಂದಿನ ಟೈರುಗಳೊಳಗೆ ನೀರು ತುಂಬಿಸುವುದು, ಚಕ್ರಕ್ಕೆ ಎರಕದ ಕಬ್ಬಿಣದ ತೂಕ ಕಟ್ಟುವುದು ಇದೇ ಹಿಡಿತಕ್ಕಾಗಿ.

ಕೆರೆ ಏರಿಯ ಟಾರು ರಸ್ತೆಗೆ ಬಂದಮೇಲೆ ಲೆಕ್ಕ ಬದಲಾಗುತ್ತದೆ. ಹದಿನಾರು ಅಡಿ ಹೋದರೆ ಒಂದಡಿ ಏರುವ ದಿಬ್ಬದಲ್ಲಿ ಎಂಟು ಟನ್ನಿಗೆ 500 ಕಿಲೋ, ಉರುಳಿಸುವುದಕ್ಕೆ 160 ಕಿಲೋ, ಒಟ್ಟು 660 ಕಿಲೋ ಎಳೆತ ಬೇಕು. 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವುದು ಒಂದು ಅಶ್ವಶಕ್ತಿ ಎಂದು ಪಾಠದಲ್ಲಿ ಓದಿದ ಹುಡುಗ ಹುಡುಗಿಯರು ಮುಂದಿನದನ್ನು ತಾವೇ ಮಾಡಬಹುದು. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಸುಮಾರು ಹದಿನೈದು ಎಚ್‌ಪಿ ಸಾಕು. ಇಪ್ಪತ್ತರ ವೇಗದಲ್ಲೇ ಹತ್ತುತ್ತೇನೆಂದರೆ ನಲವತ್ತೊಂಬತ್ತು ಬೇಕು. ದಿಬ್ಬ ಅದೇ, ಹೊರೆ ಅದೇ. ವ್ಯತ್ಯಾಸ ಗೇರಿನದು, ಆತುರದ್ದು. ಮೂವತ್ತೈದು ಎಚ್‌ಪಿಯ ಸಾಲ ತೀರಿಸಬಲ್ಲ ಮನೆ ಐವತ್ತರದನ್ನು ತಂದು ಕಂತಿಗೆ ಪರದಾಡುವುದು ಎಷ್ಟೋ ಸಲ ಈ ಆತುರಕ್ಕಾಗಿಯೇ. ತೋಟಕ್ಕೆ ರೋಟವೇಟರು ಹೊಡೆಯುವುದೇ ಮುಖ್ಯ ಕೆಲಸವಾದರೆ ಮಾತು ಬೇರೆ.

ಕೊರಟಗೆರೆ ಕಡೆ ಇಂಥ ಕಂತಿನ ಗೋಳು ಕೊಂಚ ಕಡಿಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹರಿಯುವ ಬಯಲು, ತೀತಾ ಜಲಾಶಯದ ಆಸುಪಾಸು, ಅಡಿಕೆ ತೆಂಗಿನ ತೋಟಗಳು. ತೋಟದ ಸಾಲಿನಲ್ಲಿ ನುಸುಳಲು ಸಣ್ಣ ಟ್ರ್ಯಾಕ್ಟರೇ ಲೇಸು. ಗೊರವನಹಳ್ಳಿಯ ಲಕ್ಷ್ಮಿಯ ಮುಂದೆ ಹೊಸ ಗಾಡಿಗೆ ಪೂಜೆ ಮಾಡಿಸುವವರೂ ಉಂಟು. ಸಿದ್ಧರಬೆಟ್ಟ, ಚನ್ನರಾಯನದುರ್ಗ ನೋಡಿಕೊಂಡು ಮುಂದೆ ಸಾಗಿದರೆ ಮಧುಗಿರಿಯ ಏಕಶಿಲೆ ಎದುರಾಗುತ್ತದೆ. ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೆ ಕೊಂಚವೇ ಕಡಿಮೆ. ಕೋಟೆಯ ಬಾಗಿಲುಗಳಿಗೆ ಆ ಕಲ್ಲುಗಳನ್ನು ಏರಿಸಿದವರಿಗೆ ಗಾಡಿಯ ಅನುಕೂಲವೂ ಇರಲಿಲ್ಲ. ಕಡಿದಾದ ಕಡೆ ಕಂಬಿ ಹಿಡಿದು ಹತ್ತುವ ವಿದ್ಯಾರ್ಥಿಗಳಿಗೆ ಇಳಿಜಾರು ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಕಲ್ಲಿನ ಸೀಮೆಯಲ್ಲಿ ಕಣ್ಣು ಮೋಸ ಹೋಗುತ್ತದೆ. ಟ್ರೇಲರು ತುಂಬಿ ತುಳುಕುವಂತೆ ಕಡಲೆಕಾಯಿ ಹೇರಿದರೂ ಅದು ಒಂದು ಟನ್ನಿನ ಆಸುಪಾಸು. ಅದೇ ಟ್ರೇಲರಿನ ಅರ್ಧಕ್ಕೆ ಸೈಜುಗಲ್ಲು ಹಾಕಿದರೆ ಎರಡೂವರೆ ಟನ್ನು. ನೋಡಿದವರಿಗೆ ಇನ್ನೂ ಜಾಗವಿದೆ ಅನ್ನಿಸುತ್ತದೆ. ಆ ಜಾಗವನ್ನೂ ತುಂಬಿಸುವವರಿದ್ದಾರೆ. ಕಲ್ಲುಗಳು ಆಕ್ಸಲ್ಲಿನ ಹಿಂದೆ ರಾಶಿಯಾದರೆ ಮೂಕಿ ಎದ್ದ ಹಳೆಯ ಕಥೆಯೇ ಮತ್ತೆ: ಕೊಂಡಿ ಟ್ರ್ಯಾಕ್ಟರಿನ ಹಿಂಭಾಗವನ್ನು ಎತ್ತುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಅತಿಯಾಗಿ ಮುಂದಿಟ್ಟರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗು ಕೇಳುವುದಿಲ್ಲ. ಇನ್ನು ಟ್ರೇಲರನ್ನು ಕೆಳಗಿನ ಕೊಂಡಿಗೆ ಹಾಕದೆ ಹಿಂದಿನ ಆಕ್ಸಲ್ಲಿಗಿಂತ ಮೇಲೆ ಎಲ್ಲೋ ಸರಪಳಿ ಸಿಕ್ಕಿಸಿ ಎಳೆದರಂತೂ ಮುಂದಿನ ಚಕ್ರ ಮೇಲೆದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಬಹುದು. ಅದಕ್ಕೆ ಒಂದೆರಡು ಸೆಕೆಂಡು ಸಾಕು. ಹಾರಿಕೊಳ್ಳುತ್ತೇನೆ ಎಂದು ಜಂಬ ಕೊಚ್ಚುವವರ ಮಾತು ನಂಬಬಾರದು. ನಾಲ್ಕು ಚಕ್ರದ ಟ್ರೇಲರಿನಲ್ಲಿ ಈ ತೂಗಾಟದ ಕಾಟ ಇಲ್ಲ, ಆದರೆ ಅದು ಟ್ರ್ಯಾಕ್ಟರಿಗೆ ಹಿಡಿತದ ತೂಕವನ್ನೂ ಕೊಡುವುದಿಲ್ಲ. ರಿವರ್ಸು ತೆಗೆಯುವುದಂತೂ ದೊಡ್ಡ ವಿದ್ಯೆ.

ಶಿರಾದಲ್ಲಿ ನೆಲ ಸಮ, ತೊಂದರೆ ಬೇರೆ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಈ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಸೀಬಿ ನರಸಿಂಹನ ಗುಡಿಯ ಚಿತ್ರಗಳನ್ನು ನೋಡಿ ರಸ್ತೆಗೆ ಬಂದರೆ ಲಾರಿಗಳ ಸಾಲು ಕಣ್ಣಿಗೆ ರಾಚುತ್ತದೆ. ಎಂಬತ್ತರಲ್ಲಿ ಬರುವ ಲಾರಿ, ಇಪ್ಪತ್ತರಲ್ಲಿ ಹೋಗುವ ಟ್ರ್ಯಾಕ್ಟರು. ನಡುವಿನ ಅಂತರ ಗಂಟೆಗೆ ಅರವತ್ತು ಕಿಲೋಮೀಟರಿನಂತೆ ಕರಗುತ್ತದೆ. ಹಿಂದೆ ದೀಪವಾಗಲಿ, ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯಾಗಲಿ ಇಲ್ಲದ ಟ್ರೇಲರು ರಾತ್ರಿ ಐವತ್ತು ಮೀಟರಿನಲ್ಲಿ ಕಂಡರೆ ಲಾರಿ ಚಾಲಕನಿಗೆ ಉಳಿಯುವುದು ಮೂರೇ ಸೆಕೆಂಡು. ಆ ಪಟ್ಟಿಯ ಬೆಲೆ ಟ್ರೇಲರಿನ ಒಂದು ಟೈರಿಗೆ ಹೋಲಿಸಿದರೂ ಪುಡಿಗಾಸು.

ಬ್ರೇಕಿನದು ಇನ್ನೂ ದೊಡ್ಡ ವಿಷಯ. ಟ್ರ್ಯಾಕ್ಟರಿಗೆ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬ್ರೇಕು. ಉಳುವಾಗ ಹೊಲದ ಅಂಚಿನಲ್ಲಿ ಗಕ್ಕನೆ ತಿರುಗಲು ಇದು ಬೇಕು. ರಸ್ತೆಗೆ ಬಂದ ಕೂಡಲೇ ಎರಡೂ ಪೆಡಲುಗಳನ್ನು ಕೊಕ್ಕೆ ಹಾಕಿ ಒಂದು ಮಾಡಬೇಕು. ಮರೆತು ಒಂದನ್ನೇ ತುಳಿದರೆ ಟ್ರ್ಯಾಕ್ಟರು ಅಡ್ಡ ತಿರುಗುತ್ತದೆ, ಹಿಂದಿನ ಆರು ಟನ್ನು ಅದನ್ನು ನೂಕುತ್ತದೆ. ಟ್ರೇಲರಿಗೇ ಸ್ವಂತ ಬ್ರೇಕು ಇಲ್ಲದ ಜೋಡಿಗಳಲ್ಲಿ ಎಂಟು ಟನ್ನನ್ನೂ ತಡೆಯಬೇಕಾದ್ದು ಇಂಜಿನ್ನಿನ ಹಿಂದಿನ ಎರಡು ಚಕ್ರ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಉಳಿಸುವುದು ಒಂದು ಲೋಟ ಎಣ್ಣೆಯನ್ನು. ಬಿಟ್ಟುಕೊಡುವುದು ಇಂಜಿನ್ನಿನ ತಡೆಯನ್ನು. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಹಳೆಯ ಚಾಲಕರ ಮಾತು. ಕೊಳ್ಳುವಾಗ ಎಷ್ಟು ಎಳೆಯುತ್ತದೆ ಎಂದು ಕೇಳುವವರು ಎಷ್ಟನ್ನು ನಿಲ್ಲಿಸುತ್ತದೆ ಎಂದೂ ಕೇಳಬೇಡವೇ? ಟ್ರೇಲರಿಗೆ ಬ್ರೇಕು ಹಾಕಿಸಿಕೊಳ್ಳುವ ಖರ್ಚು ಹತ್ತು ಎಚ್‌ಪಿ ಹೆಚ್ಚಿನದನ್ನು ಕೊಳ್ಳುವ ಖರ್ಚಿಗಿಂತ ಎಷ್ಟೋ ಕಡಿಮೆ.

ತಂದೆತಾಯಂದಿರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಒಂಬತ್ತನೇ ತರಗತಿಯ ಹುಡುಗ ಟ್ರ್ಯಾಕ್ಟರು ಓಡಿಸುತ್ತಾನೆಂದು ಹೆಮ್ಮೆಪಡುವ ಅಪ್ಪಂದಿರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಹದಿನೆಂಟು ತುಂಬದವರಿಗೆ ಟ್ರ್ಯಾಕ್ಟರಿನ ಲೈಸೆನ್ಸು ಇಲ್ಲ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಸಿಗದು. ಮಡ್‌ಗಾರ್ಡಿನ ಮೇಲೆ ತಂಗಿಯನ್ನು ಕೂರಿಸಿಕೊಂಡು ಶಾಲೆಗೆ ಬಿಡುವುದು, ಜಾತ್ರೆಗೋ ದೇವರ ಕಾರ್ಯಕ್ಕೋ ಟ್ರೇಲರಿನಲ್ಲಿ ಮೂವತ್ತು ಜನ ಹೋಗುವುದು ಮುದ್ದಾಗಿ ಕಾಣುತ್ತದೆ. ಟ್ರೇಲರು ಜನರನ್ನು ಒಯ್ಯಲು ಮಾಡಿದ್ದಲ್ಲ, ಕಾನೂನು ಅದನ್ನು ಒಪ್ಪುವುದಿಲ್ಲ, ವಿಮೆ ಪಡೆಯುವುದೂ ಕಷ್ಟ. ಕಲ್ಲು ಇಟ್ಟ ಜಾಗದಲ್ಲಿ ಇರುತ್ತದೆ. ನಿಂತ ಜನ ತಿರುವಿನಲ್ಲಿ ಒಂದೇ ಕಡೆಗೆ ವಾಲುತ್ತಾರೆ. ಟ್ರ್ಯಾಕ್ಟರೇ ಆಗಬೇಕೆಂದೇನೂ ಇಲ್ಲ. 2022ರ ಮಾರ್ಚಿನಲ್ಲಿ ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಕಿಕ್ಕಿರಿದ ಬಸ್ಸು ಮಗುಚಿ ವಿದ್ಯಾರ್ಥಿಗಳು ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಹೆದ್ದಾರಿಯಲ್ಲಿ ಜೀಪೊಂದು ಅಪಘಾತಕ್ಕೀಡಾಗಿ, ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ರಾಯಚೂರು ಕಡೆಯ ಒಂಬತ್ತು ಮಂದಿ ತೀರಿಕೊಂಡರು. ಆ ಊರುಗಳ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಂಗಡಿಗೆ ಹೋದಾಗ ಕೇಳಬೇಕಾದ ಕಾಗದವೊಂದಿದೆ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಕೊಂಡಿಯಲ್ಲಿ ಎಷ್ಟು ಎಳೆತ, ಎಷ್ಟು ಡೀಸೆಲ್, ಬ್ರೇಕು ಹೇಗೆ ಎಲ್ಲವೂ ಅದರಲ್ಲಿರುತ್ತದೆ. ವರದಿ ಇಂಗ್ಲಿಷಿನಲ್ಲಿ, ಅಂಕಿಗಳ ಕಾಡು. ಮನೆಯಲ್ಲಿ ವಿಜ್ಞಾನ ಓದುವ ಮಗಳಿದ್ದರೆ ಅವಳನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಅಪ್ಪನಿಗೆ ಅದನ್ನು ಓದಿ ಹೇಳಬಲ್ಲವಳು ಅವಳೇ.

ಪಾವಗಡಕ್ಕೆ ಬಂದರೆ ಎಳೆಯುವ ಹೊರೆಯೇ ಬೇರೆ: ನೀರು. ಮೂರು ಕಡೆ ಆಂಧ್ರ ಸುತ್ತಿಕೊಂಡ, ಕನ್ನಡದಷ್ಟೇ ತೆಲುಗೂ ಕೇಳಿಬರುವ ತಾಲ್ಲೂಕು ಇದು. ಮಳೆ ಕಡಿಮೆ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಅದರ ಗುರುತು ಬೀಳುತ್ತದೆ; ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಊರೂರಿಗೆ ಟ್ಯಾಂಕರು ಎಳೆಯುವ ಟ್ರ್ಯಾಕ್ಟರಿಗೆ ಬಿಡುವಿರುವುದಿಲ್ಲ. ಐದು ಸಾವಿರ ಲೀಟರಿನ ಟ್ಯಾಂಕರೆಂದರೆ ನೀರೇ ಐದು ಟನ್ನು. ತುಂಬಿದ ಟ್ಯಾಂಕರು ಭಾರವಾದರೂ ನಂಬಿಕಸ್ಥ; ಅರ್ಧ ಖಾಲಿಯಾದದ್ದು ಕೇಡಿಗ. ಬ್ರೇಕು ಹಾಕಿದರೆ ಒಳಗಿನ ನೀರು ಮುಂದಕ್ಕೆ ನುಗ್ಗಿ ಇಂಜಿನ್ನನ್ನು ನೂಕುತ್ತದೆ, ಏರು ಹತ್ತುವಾಗ ಹಿಂದಕ್ಕೆ ಸರಿದು ಕೊಂಡಿಯನ್ನೆತ್ತುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಗಾಡಿಯ ಮೂಟೆಯಾದರೆ ಮುಂದೆ ತಳ್ಳಿ ಕೂರಿಸಬಹುದು. ನೀರಿಗೆ ಹಾಗೆ ಹೇಳಲಾಗುವುದಿಲ್ಲ. ಅದಕ್ಕೇ ಒಳ್ಳೆಯ ಟ್ಯಾಂಕರಿನೊಳಗೆ ತೂತುಗಳಿರುವ ಅಡ್ಡ ತಗಡುಗಳನ್ನು ಬೆಸೆದಿರುತ್ತಾರೆ. ಕೊಳ್ಳುವವರು ಮೇಲಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಬೇಕು. ಬಣ್ಣ ಆಮೇಲೆ ನೋಡಿದರಾಯಿತು.

ಇದೇ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕು ಹರಡಿದೆ. ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. ಪೂರ್ಣ ಸಾಮರ್ಥ್ಯ 2,050 ಮೆಗಾವಾಟ್. ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ದರಕ್ಕೆ ಗುತ್ತಿಗೆ ಕೊಟ್ಟರು. ಅಷ್ಟು ವಿದ್ಯುತ್ತನ್ನು ಹೊರಗೆ ಸಾಗಿಸುವ 400 ಕಿಲೋವೋಲ್ಟಿನ ಕೇಂದ್ರಗಳ ಟ್ರಾನ್ಸ್‌ಫಾರ್ಮರು ಒಂದೊಂದೂ ನೂರು ಟನ್ನು ಮೀರುವುದು ಸಾಮಾನ್ಯ. ಅಂಥದನ್ನು ಹತ್ತಾರು ಜೊತೆ ಚಕ್ರಗಳ ಟ್ರೇಲರಿನಲ್ಲಿ ‘ಪುಲ್ಲರ್’ ಎಂಬ ಲಾರಿ ನಡಿಗೆಯ ವೇಗದಲ್ಲಿ ಎಳೆಯುತ್ತದೆ. ಆ ಪುಲ್ಲರಿನ ಬೆನ್ನ ಮೇಲೆ ಕಾಂಕ್ರೀಟಿನ ದಿಮ್ಮಿಗಳನ್ನೋ ಕಬ್ಬಿಣವನ್ನೋ ಹೇರಿರುತ್ತಾರೆ. ನೂರು ಟನ್ನು ಎಳೆಯಬೇಕಾದವನಿಗೆ ಸುಮ್ಮನೆ ಇನ್ನಷ್ಟು ಹೊರೆ ಏಕೆ ಎಂದು ಕೇಳಿದರೆ ಕೆರೆಯಂಗಳದಲ್ಲಿ ಗೋಡುಮಣ್ಣು ಹೊಡೆಯುವ ಯಾವ ಚಾಲಕನಾದರೂ ಉತ್ತರ ಹೇಳುತ್ತಾನೆ.

ಫಲಕಗಳ ಮೇಲೆ ಧೂಳು ಕೂತರೆ ವಿದ್ಯುತ್ತು ಇಳಿಯುತ್ತದೆ, ತೊಳೆಯಲು ನೀರು ಬೇಕು. ಉಳುವ ಹೊಲ ಗುತ್ತಿಗೆಗೆ ಹೋದ ಮೇಲೂ ಟ್ರ್ಯಾಕ್ಟರು ಮಾರದೆ ಇಟ್ಟುಕೊಂಡವರಿಗೆ ಹೀಗೆ ಮತ್ತೊಂದು ಬಾಡಿಗೆ ಸಿಗುತ್ತದೆ: ಬೆಳಿಗ್ಗೆ ಊರಿಗೆ ಕುಡಿಯುವ ನೀರು, ಮಧ್ಯಾಹ್ನ ಗಾಜಿನ ಹೊಲಕ್ಕೆ ತೊಳೆಯುವ ನೀರು. ಟ್ಯಾಂಕರು ಅದೇ, ಕೊಂಡಿ ಅದೇ. ಸಂಜೆ ಇಂಜಿನ್ನು ಬಿಡಿಸುವ ಮುನ್ನ ಟ್ಯಾಂಕರಿನ ಮುಂದೆ ಆಸರೆಯ ಕಾಲು ಇಳಿಸಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಆಮೇಲೆ ಕೊಂಡಿಯ ಪಿನ್ನು ಕೀಳುತ್ತಾರೆ.